ತಲೆ ಎತ್ತಿದ ಕೊಟ್ರೇಶಿ

ನಗಬ್ಯಾಡ್ರಿ ಅಂದ್ರೂ ನೀವು ನಗೋರೇ, ಇರ್ಲಿ, ಕೇಳ್ರಿ.

ಹರಿಹರದಾಗೆ ಹಾಲಮ್ಮ ಅಂತ ಒಬ್ಬಾಕಿ ಇದ್ಲು. ಗಂಡ ಸತ್ತ ಮೇಲೆ ಅವನ ಗ್ಯಾರೇಜು ತಾನೇ ನಡೆಸ್ತಿದ್ಲು. ರೇಸ್ ಕಾರಿನ ಇಂಜಿನ್ ಕಟ್ಟೋದ್ರಾಗೆ ಪಳಗಿದ ಕೈ. ಅವಳಿಗೊಬ್ಬನೇ ಮಗ, ಕೊಟ್ರೇಶಿ. ಮೂವತ್ತು ದಾಟಿತ್ತು. ಹೇಳಿದ್ದು ಮಾಡ್ತಿದ್ದ. ಹೇಳಿದ್ದಷ್ಟೇ ಮಾಡ್ತಿದ್ದ. ಅದೇ ತಾಪತ್ರಯ!

ಒಂದಿನ ಇಮ್ತಿಯಾಜ್ ಅನ್ನೋ ಡ್ರೈವರು ತನ್ನ ಕಾರು ತಂದು ಬಿಟ್ಟ. "ಹಾಲಕ್ಕ, ಹೆಂಗಸಿನ ಕೈಗೆ ಕೊಟ್ಟೆ ಅಂತ ಗೆಳೆಯರೆಲ್ಲ ಆಡಿಕೊಳ್ತಾರೆ. ನನ್ನ ಮರ್ಯಾದೆ ಉಳಿಸು" ಅಂದ.

ಇಂಜಿನ್ನಾಗೆ ಪಿಸ್ಟನ್ ಮೇಲೆ ಬರ್ತೈತಿ, ಕೆಳಗೆ ಹೋಗ್ತೈತಿ. ಮೇಲೆ ಮುಚ್ಚಳದಂಗೆ ಕೂರೋದು ಹೆಡ್ಡು. ಹಾಲಮ್ಮ ಅದನ್ನ 'ತಲೆ' ಅಂತಿದ್ಲು. ಎರಡರ ನಡುವೆ ಸಣ್ಣ ಸಂದು ಬೇಕು. ಹೆಚ್ಚಾದ್ರೆ ಕಾರಿಗೆ ಜೋರಿಲ್ಲ. ಕಮ್ಮಿಯಾದ್ರೆ ಪಿಸ್ಟನ್ ಹೋಗಿ ತಲೆಗೆ ಬಡೀತೈತಿ.

"ಪಿಸ್ಟನ್ ಮೇಲೆ ಒಂಚೂರು ಮಣ್ಣಿಡೋ" ಅಂದ್ಲು ಹಾಲಮ್ಮ. "ತಲೆ ಕೂರಿಸಿ ತಿರುಗಿಸೋಣ. ಒತ್ತಿದ ಮಣ್ಣು ಎಷ್ಟು ದಪ್ಪ ಉಳೀತೈತೋ, ಸಂದು ಅಷ್ಟು."

ಕೊಟ್ರೇಶಿ ಅಂಗಳದಿಂದ ಒಂದು ಬೊಗಸೆ ಮಣ್ಣು ತಂದು ಸುರಿದ. ತಿರುಗಿಸಿದ್ರೆ ಕರ್ ಕರ್ ಕರ್!

"ಅಯ್ಯೋ ಪೆದ್ದ! ಕಲ್ಲು ಮಣ್ಣು ಹಾಕ್ತಾರೇನೋ! ಮೆತ್ತಗಿರೋದು ಇಡಬೇಕು, ಚಪಾತಿ ಹಿಟ್ಟಿನಂಗೆ!"

"ಆತವ್ವ."

ಮಾರನೇ ದಿನ ಅಂದ್ಲು: "ತಲೆ ಕೆಳಗೆ ಗ್ಯಾಸ್ಕೆಟ್ ಇಡೋ. ಅದರ ದಪ್ಪ ಇದ್ರೇನೇ ಸಂದು ಉಳಿಯೋದು." ಗ್ಯಾಸ್ಕೆಟ್ ಮುಟ್ಟಿ ನೋಡಿದ. ತಗಡು, ಗಟ್ಟಿ! ಅದನ್ನ ಬದಿಗಿಟ್ಟ, ಹಿಟ್ಟು ನಾದಿ ಸುತ್ತಲೂ ಮೆತ್ತಿದ.

"ಅಯ್ಯೋ ಪೆದ್ದ! ಮೆತ್ತಗಿರೋದು ಅಳತೆಗೆ ಕಣೋ! ಅಳತೆ ಮುಗಿದ ಮೇಲೆ ನಡುವೆ ಇಟ್ಟಿದ್ದು ತೆಗೀಬೇಕು!"

"ಆತವ್ವ."

ಹಾಲಮ್ಮ ಹಿಟ್ಟೆಲ್ಲ ಕೆರೆದು, ಒರೆಸಿ, ತಾನೇ ಗ್ಯಾಸ್ಕೆಟ್ ಇಟ್ಟು, ತಾನೇ ಸಂದು ಅಳೆದ್ಲು. ಕೂದಲೆಳೆ ತಪ್ಪಿಲ್ಲ! "ಅಳತೆ ಮುಗೀತು. ಬೋಲ್ಟ್ ಬಿಗಿ ಮಾಡು" ಅಂದು ಆಯಿಲ್ ತರಾಕೆ ಹೋದ್ಲು. ಅಳತೆ ಮುಗೀತಲ್ಲ! ಕೊಟ್ರೇಶಿ ಗ್ಯಾಸ್ಕೆಟ್ ತೆಗೆದು ಮೊಳೆಗೆ ನೇತು ಹಾಕಿ, ಬೋಲ್ಟ್ ಬಿಗಿದ.

ಇಮ್ತಿಯಾಜ್ ಗೆಳೆಯರನ್ನ ಕಟ್ಟಿಕೊಂಡು ಬಂದ. ಕೀಲಿ ತಿರುವಿದ. ಠಣ್ ಠಣ್ ಠಣ್! ಇಂಜಿನ್ ನಿಂತೋತು. ಗೆಳೆಯರು ನಕ್ಕರು. ಇಮ್ತಿಯಾಜ್ ನಗಲಿಲ್ಲ, ಬೈಯಲೂ ಇಲ್ಲ. ಅದೇ ಹಾಲಮ್ಮಗೆ ಚುಚ್ಚಿತು. ಎಲ್ಲರೂ ಹೋದ ಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

"ಕೊಟ್ರೇಶಿ, ಅವರ ಮುಂದೆ ಹೆಂಗೋ ತಲೆ ಎತ್ತಲಿ? ಇನ್ನೇನೂ ಬ್ಯಾಡ. ಮುಂದಿನ ಸಲ ಅವರು ಬಂದಾಗ ತಲೆ ಎತ್ತೋ ಹಂಗೆ ಮಾಡು, ಸಾಕು."

ಕೊಟ್ರೇಶಿಗೆ ನಾಚಿಕೆಯಾತು. ಅವತ್ತು ಉಣ್ಣಲಿಲ್ಲ. "ಆತವ್ವ, ಮಾಡ್ತೀನಿ" ಅಂದ.

ಹಾಲಮ್ಮ ಎಂಟು ದಿನ ಕೂತು ಹೊಸ ಪಿಸ್ಟನ್ ಹಾಕಿ, ಮತ್ತೆ ಅಳೆದು, ಇಂಜಿನ್ ಕಟ್ಟಿದ್ಲು. ಮಗನ್ನ ಹತ್ರ ಬಿಟ್ಟುಕೊಳ್ಳಲಿಲ್ಲ. ಇಮ್ತಿಯಾಜ್ ಬಂದ, ಗೆಳೆಯರೂ ಬಂದರು. ಹಾಲಮ್ಮ ಬಾಗಿಲಿಗೆ ಹೋಗಿ, "ಬರ್ರಿ" ಅಂದ್ಲು, ನೆಲ ನೋಡ್ತಾ.

ಒಳಗೆ ಗಲಗಲ ಸರಪಳಿ ಸದ್ದು! ಎಲ್ಲರೂ ಒಳಗೋಡಿದರು. ಕೊಟ್ರೇಶಿ ಇಂಜಿನ್ ಎತ್ತೋ ಸರಪಳಿಯ ಕೊಕ್ಕೆಯನ್ನ ತಲೆಗೆ ಸಿಕ್ಕಿಸಿ ಎಳೀತಿದ್ದ. ತಲೆ ಎಲ್ಲಿ ಬಿಡ್ತೈತಿ? ಹಾಲಮ್ಮ ಬಿಗಿದ ಬೋಲ್ಟು! ತಲೆ ಜೊತೆ ಇಂಜಿನ್ನು, ಇಂಜಿನ್ ಜೊತೆ ಇಡೀ ಕಾರು ಮುಂಗಾಲೆತ್ತಿ ತೂಗಾಡ್ತಿತ್ತು.

"ಇದನ್ನ ಯಾರು ಹೇಳಿದ್ರು ಇವನಿಗೆ?" ಅಂದ ಇಮ್ತಿಯಾಜ್.

"ನಾನೇ" ಅಂದು ಹಾಲಮ್ಮ ಸೆರಗಿನಾಗೆ ಮುಖ ಮುಚ್ಚಿಕೊಂಡ್ಲು.

ಕೊಟ್ರೇಶಿ ಬೆವರು ಒರೆಸಿಕೊಂಡು ಕೂಗಿದ: "ಅವ್ವಾ, ಇಷ್ಟು ಎತ್ತಿದ್ರೆ ಸಾಕೋ, ಇನ್ನೂ ಎತ್ತಲೋ?"