ಪರದೆಗೆ ಬಾರದ ಹೊಳೆ

"ಗುರುಗಳೇ, ಯಾರ ಹಂಗೂ ಇಲ್ಲದೆ ಬದುಕಬಲ್ಲೆ ಎಂದು ನನಗೆ ಖಚಿತವಾಗಿದೆ. ಅಣ್ಣ ಅತ್ತಿಗೆಯ ಮನೆಯಲ್ಲಿದ್ದೇನೆ, ನಿಜ. ಆದರೆ ಅವರು ನನಗಾಗಿ ಏನೂ ಮಾಡುತ್ತಿಲ್ಲ, ನನಗೂ ಅವರಿಂದ ಏನೂ ಬೇಕಿಲ್ಲ. ಬೇಡವಾದ ನಂಟನ್ನು ಬಿಟ್ಟುಬಿಡುವುದು ಸರಿಯಲ್ಲವೆ?" ಎಂದು ಶಿಷ್ಯ ಕೇಳಿದ.

ಗುರುಗಳು ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಕತೆ ಹೇಳುವುದೆಂದರೆ ಅವರಿಗೆ ಹಬ್ಬ. ಸರಿಯಾಗಿ ಕೂತು ಶುರುಮಾಡಿದರು.

ಹಳೆಯ ಮನೆ ಕಂಪ್ಯೂಟರುಗಳ ಮೇಲೆ ಪ್ರಾಣ ಇಟ್ಟುಕೊಂಡ ಜನ ಇದ್ದಾರೆ. ಟಿವಿಗೆ ಜೋಡಿಸುತ್ತಿದ್ದ ಆ ಯಂತ್ರಗಳನ್ನು ಲೋಕ ಎಂದೋ ಅಟ್ಟಕ್ಕೆ ಹಾಕಿತು. ಇವರು ಹಾಕಲಿಲ್ಲ. ವರ್ಷಕ್ಕೊಮ್ಮೆ ಒಂದು ಕಡೆ ಸೇರಿ ಪಂದ್ಯ ನಡೆಸುತ್ತಾರೆ. ಪುಟ್ಟದೊಂದು ಪ್ರೋಗ್ರಾಂ ಬರೆದು ಪರದೆಯ ಮೇಲೆ ಚಲಿಸುವ ಚಿತ್ರ ಮೂಡಿಸಬೇಕು. ಅದು ಇನ್ನೂರೈವತ್ತಾರು ಬೈಟ್ ಮೀರುವಂತಿಲ್ಲ. ಬೈಟ್ ಎಂದರೆ ಒಂದು ಅಕ್ಷರಕ್ಕೆ ಸಾಲುವಷ್ಟು ಜಾಗ ಎಂದುಕೋ. ನಾನು ಇಷ್ಟು ಹೊತ್ತು ಆಡಿದ ಮಾತೇ ಅದರಲ್ಲಿ ಹಿಡಿಸುವುದಿಲ್ಲ! ಇದರಿಂದ ಏನು ಲಾಭ ಎಂದು ಕೇಳಬೇಡ. ಲಾಭವಿಲ್ಲ, ಅದಕ್ಕೇ ಅಷ್ಟು ಶ್ರದ್ಧೆ.

ಅಂಥ ಪ್ರೋಗ್ರಾಂ ಬರೆಯುವವನೊಬ್ಬನಿದ್ದ. ಅವನಿಗೊಬ್ಬಳು ಅಕ್ಕ. ಇಬ್ಬರಿಗೂ ಸೇರಿ ಒಂದೇ ಹಳೆಯ ಕಂಪ್ಯೂಟರು. ಚಿಕ್ಕಂದಿನಲ್ಲಿ ತಾವು ಈಜು ಕಲಿತ ಹೊಳೆಯನ್ನು ಪರದೆಯ ಮೇಲೆ ಹರಿಸಬೇಕೆಂದು ಇಬ್ಬರೂ ಹಟ ಹಿಡಿದಿದ್ದರು. ಅಕ್ಕನ ದೃಷ್ಟಿ ಮಸುಕಾಗುತ್ತಿತ್ತು. ಮುಂದಿನ ವರ್ಷದ ಹೊತ್ತಿಗೆ ಪೂರ್ತಿ ಹೋಗುತ್ತದೆ ಎಂದು ವೈದ್ಯರು ಹೇಳಿಯಾಗಿತ್ತು. ಮನೆಯ ಸಣ್ಣ ಪರದೆ ಅವಳಿಗೆ ಆಗಲೇ ಸರಿಯಾಗಿ ಕಾಣುತ್ತಿರಲಿಲ್ಲ. ಪಂದ್ಯದ ಸಭಾಂಗಣದಲ್ಲಿ ಗೋಡೆಯಷ್ಟು ದೊಡ್ಡ ಪರದೆ ಇರುತ್ತದೆ. ಅಲ್ಲಿ ಒಮ್ಮೆ ಆ ಹೊಳೆಯನ್ನು ನೋಡಬೇಕೆಂಬುದು ಅವಳ ಆಸೆ. ಬೇರೆ ಆಸೆ ಇರಲಿಲ್ಲ.

ಅಲೆ ಏಳಬೇಕಾದರೆ ಏರಿಳಿತದ ಅಂಕಿಗಳು ಯಂತ್ರದ ನೆನಪಿನಲ್ಲಿ ಇರಬೇಕು. ಅವನ್ನು ಹುಟ್ಟಿಸುವ ಸಾಲುಗಳನ್ನು ಬರೆದವಳು ಅಕ್ಕ. ಉಳಿದದ್ದು ತಮ್ಮನದು. ಎಲ್ಲ ಸೇರಿದಾಗ ಪ್ರೋಗ್ರಾಂ ಮಿತಿ ಮೀರಿತು. ತಮ್ಮ ಅಲ್ಲಿ ಚಿವುಟಿದ, ಇಲ್ಲಿ ಚಿವುಟಿದ. ಸಾಲಲಿಲ್ಲ. ಕೊನೆಗೆ ಒಂದು ದಿನ, ನೋಡೋಣ ಎಂದು ಅಕ್ಕನ ಸಾಲುಗಳನ್ನೇ ತೆಗೆದ. ಹೊಳೆ ಹರಿಯುತ್ತಲೇ ಇತ್ತು!

"ಅಕ್ಕಾ, ನಿನ್ನ ಸಾಲುಗಳು ಬೇಕಾಗಿಯೇ ಇರಲಿಲ್ಲ ಕಣೇ. ತೆಗೆದರೂ ಏನೂ ಆಗಲಿಲ್ಲ."

"ಹೌದೇನೋ? ಹಾಗಾದರೆ ಇಷ್ಟು ದಿನ ನಾನು ದಂಡಕ್ಕೆ ಕೂತಿದ್ದೆ ಅನ್ನು."

"ಬೇಜಾರಾಯಿತೇ?"

"ಬೇಜಾರೇನು ಮಾರಾಯ, ಹೊಳೆ ಹರಿದರೆ ಸಾಕು. ಬೇಗ ಹರಿಸು, ನನ್ನ ಕಣ್ಣು ನಿನ್ನ ಪಂದ್ಯಕ್ಕೆ ಕಾಯುವುದಿಲ್ಲ" ಎಂದು ಅಕ್ಕ ನಕ್ಕಳು.

ನಡೆದದ್ದು ಏನೆಂದರೆ, ದಿನಾ ಬೆಳಿಗ್ಗೆ ತಮ್ಮ ಏಳುವ ಮೊದಲು ಅಕ್ಕ ತನ್ನದೇ ಒಂದು ಸಣ್ಣ ಪ್ರೋಗ್ರಾಂ ಓಡಿಸಿ, ಅಲೆ ಏಳುವುದನ್ನು ಒಂದಿಷ್ಟು ಹೊತ್ತು ನೋಡುತ್ತಿದ್ದಳು. ಕಾಣುತ್ತಿದ್ದದ್ದು ಬರೀ ಮಿಣುಕು. ಆದರೂ ನೋಡುತ್ತಿದ್ದಳು. ಅದರಲ್ಲಿ ಇದ್ದದ್ದೂ ತಮ್ಮ ತೆಗೆದುಹಾಕಿದ ಅದೇ ಸಾಲುಗಳು. ಮುಗಿದ ಮೇಲೆ ಯಂತ್ರವನ್ನು ಆರಿಸುತ್ತಿರಲಿಲ್ಲ, ಮರುಚಾಲನೆಯ ಗುಂಡಿಯನ್ನಷ್ಟೇ ಒತ್ತುತ್ತಿದ್ದಳು. ಸ್ವಿಚ್ಚು ಸವೆದಿತ್ತು. ಒಮ್ಮೆ ಆರಿಸಿದರೆ ಮತ್ತೆ ಹೊತ್ತಿಕೊಳ್ಳುವುದು ಅನುಮಾನ ಎಂದು ಇಬ್ಬರಿಗೂ ಹೆದರಿಕೆ. ಗುಂಡಿ ಒತ್ತಿದರೆ ಪರದೆ ಖಾಲಿಯಾಗುತ್ತದೆ, ಆದರೆ ನೆನಪಿನಲ್ಲಿರುವ ಅಂಕಿಗಳು ಅಳಿಯುವುದಿಲ್ಲ, ಅವು ಅಳಿಯುವುದು ಯಂತ್ರವನ್ನು ಆರಿಸಿದಾಗ ಮಾತ್ರ. ತಮ್ಮ ಬಂದು ಕೂರುವಾಗ ಅಕ್ಕ ಹುಟ್ಟಿಸಿದ ಏರಿಳಿತ ಅಲ್ಲಿ ಸಿದ್ಧವಾಗಿರುತ್ತಿತ್ತು. ಅವನ ಹೊಳೆ ಅದರ ಮೇಲೆ ಹರಿಯುತ್ತಿತ್ತು. ಪಂದ್ಯಕ್ಕೆ ಕಳಿಸುವ ಮೊದಲು ಯಂತ್ರವನ್ನು ಪೂರ್ತಿ ಆರಿಸಿ, ಹೊಸದಾಗಿ ಹಚ್ಚಿ ನೋಡುವುದು ಆ ಜನರ ಪದ್ಧತಿ. ಸ್ವಿಚ್ಚಿನ ಹೆದರಿಕೆಗೆ ತಮ್ಮ ಅದನ್ನು ಮಾಡಲಿಲ್ಲ. ಅಕ್ಕನಿಗೂ ಹೊಳೆಯಲಿಲ್ಲ.

ಪಂದ್ಯದ ದಿನ ಬಂತು. ಅಲ್ಲಿನ ಯಂತ್ರ ಪಂದ್ಯ ನಡೆಸುವವರದ್ದೇ, ಪ್ರತಿ ಪ್ರೋಗ್ರಾಮಿಗೂ ಆರಿಸಿ ಹಚ್ಚುತ್ತಾರೆ. ಒಬ್ಬೊಬ್ಬರಿಗೆ ಒಂದೇ ಸಲ. ಅಕ್ಕ ಮುಂದಿನ ಸಾಲಿನಲ್ಲಿ ತಮ್ಮನ ಪಕ್ಕ ಕೂತಿದ್ದಳು. ಇವರಿಗಿಂತ ಮೊದಲು ಬಂದವರ ಚಿತ್ರಗಳ ಬಣ್ಣ ಅವಳಿಗೆ ಮಸುಕಾಗಿಯಾದರೂ ಕಂಡಿತ್ತು. ಇವರ ಸರದಿ ಬಂತು. ದೀಪ ಆರಿಸಿದರು. ಪರದೆ ಕಪ್ಪಾಯಿತು. ಕಪ್ಪಾಗಿಯೇ ಇತ್ತು. ಸಭೆ ಸದ್ದಿಲ್ಲದೆ ಕಾಯುತ್ತಿತ್ತು.

ಅಕ್ಕ ತಮ್ಮನ ತೋಳು ಹಿಡಿದುಕೊಂಡಳು. "ಶುರುವಾಯಿತೇನೋ? ಜನ ಎಲ್ಲ ಉಸಿರು ಬಿಗಿಹಿಡಿದು ನೋಡುತ್ತಿದ್ದಾರಲ್ಲ. ನನಗೆ ಕತ್ತಲೆ ಮಾತ್ರ ಕಾಣುತ್ತಿದೆ ಕಣೋ. ಹಾಳು ಕಣ್ಣು, ಇವತ್ತೇ ಹೋಗಬೇಕಿತ್ತೇ?"

"ಕಣ್ಣು ಹೋಗಿಲ್ಲ ಅಕ್ಕಾ. ಹೊಳೆಯೇ ಬಂದಿಲ್ಲ" ಎಂದ ತಮ್ಮ.

"ಅಬ್ಬಾ, ಹೆದರಿಸಿಬಿಟ್ಟೆಯಲ್ಲೋ" ಎಂದಳು ಅಕ್ಕ. ಅವಳಿಗೆ ಸಮಾಧಾನವೇ ಆಗಿತ್ತು. ತಮ್ಮನಿಗೆ ಅದನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ. ಎದ್ದು ಹೊರಗೆ ಹೋದ.

ಮನೆಗೆ ಬಂದು ಅವನು ಕಾರಣ ಹುಡುಕಿದ, ಸಿಕ್ಕಿತು. ಅಕ್ಕನ ಸಾಲುಗಳನ್ನು ಮತ್ತೆ ಹಾಕಿದ. ಮಿತಿಗೆ ತರಲು ತನ್ನ ಬಣ್ಣಗಳನ್ನೆಲ್ಲ ತೆಗೆದ. ಮರುವರ್ಷ ಅದೇ ಸಭಾಂಗಣದಲ್ಲಿ ಹೊಳೆ ಕಪ್ಪುಬಿಳುಪಿನಲ್ಲಿ ಗೋಡೆಯ ತುಂಬ ಹರಿಯಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪರದೆ ಯಾವ ಕಡೆಗಿದೆ ಎಂದು ಅಕ್ಕ ಕೇಳಿದಳು. ತಮ್ಮ ಅವಳ ಭುಜ ಹಿಡಿದು ತಿರುಗಿಸಿದ. ಚಪ್ಪಾಳೆ ನಿಲ್ಲುವವರೆಗೂ ಅವಳು ಆ ಕಡೆಗೇ ಮುಖ ಮಾಡಿ ಕೂತಿದ್ದಳು.

ಗುರುಗಳು ಮಾತು ನಿಲ್ಲಿಸಿದರು. ಅವರು ತಾವಾಗಿ ನಿಲ್ಲಿಸುವುದು ಅಪರೂಪ.

ಶಿಷ್ಯ, "ಪಾಪ, ಅವನ ತಪ್ಪೇನು ಗುರುಗಳೇ? ಅಕ್ಕ ಬೆಳಿಗ್ಗೆ ಎದ್ದು ಏನು ಮಾಡುತ್ತಿದ್ದಳೋ ಅವನಿಗೆ ಗೊತ್ತಿರಲಿಲ್ಲವಲ್ಲ" ಎಂದ.

ಗುರುಗಳು ಕೇಳಿದರು: "ನಿನ್ನ ಅತ್ತಿಗೆ ಬೆಳಿಗ್ಗೆ ಎಷ್ಟು ಹೊತ್ತಿಗೆ ಏಳುತ್ತಾಳೆ?"