ಹಂಸದ ತೀರ್ಪು, ಕೋತಿಯ ಸಿನಿಮಾ

ಹಾಲನ್ನೂ ನೀರನ್ನೂ ಬೇರೆ ಮಾಡುವ ಕೊಕ್ಕು ತನ್ನದೆಂದು ಬೀಗುತ್ತಿದ್ದ ಹಂಸವೊಂದಿತ್ತು. ಕೆರೆ ಏರಿಯ ಕೆಳಗೆ ಕೋತಿಯೊಂದು ಟೆಂಟು ಹಾಕಿ ಸಿನಿಮಾ ತೋರಿಸತೊಡಗಿದಾಗ, ಹಂಸ ತಾವರೆ ಎಲೆಯ ಮುಸುಕು ಹಾಕಿಕೊಂಡು ದಿನಾ ಸಂಜೆ ಎಮ್ಮೆಯ ಬೆನ್ನ ಹಿಂದೆ ಕೂತು ನೋಡಿತು. ಪರದೆಯ ಮೇಲೆ, ಚಿಕ್ಕಂದಿನಲ್ಲಿ ಬೇರೆಯಾದ ಅಣ್ಣತಮ್ಮಂದಿರು ಮಚ್ಚೆ ನೋಡಿ ಗುರುತು ಹಿಡಿಯುವಾಗ, ಎಮ್ಮೆಗಿಂತ ಮೊದಲು ಹಂಸವೇ ಬಿಕ್ಕಿ ಬಿಕ್ಕಿ ಅತ್ತಿತು.

ಒಂದು ದಿನ ಕೆರೆಯ ಪ್ರಾಣಿಗಳು ಸಭೆ ಸೇರಿ ಕೇಳಿದವು: "ಹಂಸರಾಯರೇ, ಕೋತಿಯ ಸಿನಿಮಾ ಹೇಗಿದೆ? ತಾವೇ ಹೇಳಬೇಕು."

ಹಂಸ ಕತ್ತು ಕೊಂಕಿಸಿತು. "ಬರೀ ನೀರು. ಹುಡುಕಿದರೂ ಒಂದು ತೊಟ್ಟು ಹಾಲಿಲ್ಲ. ಮರ್ಯಾದಸ್ಥರು ಆ ದಿಕ್ಕಿಗೆ ತಲೆ ಹಾಕಿ ಮಲಗುವುದೂ ಇಲ್ಲ."

ಪ್ರಾಣಿಗಳೆಲ್ಲ ಒಮ್ಮೆಗೇ ಮರ್ಯಾದಸ್ಥರಾದವು. ಎಮ್ಮೆ ಕೂಡ ಬರುವುದನ್ನು ಬಿಟ್ಟಿತು. ಕೋತಿ ಟೆಂಟಿನ ಗೂಟ ಕೀಳುತ್ತಿದ್ದಾಗ, ಹಂಸ ಎಂದಿನಂತೆ ಮುಸುಕು ಹಾಕಿಕೊಂಡು ಬಂದು ನಿಂತಿತು.

"ಇವತ್ತು ಆಟ ಇಲ್ಲವೇನಯ್ಯಾ?"

"ನೋಡುವವರಿಲ್ಲ ಸ್ವಾಮಿ. ಮುಸುಕಿದ್ದರೂ ಕೊಕ್ಕು ಕಾಣುತ್ತದೆ; ಎಲ್ಲರಿಗಿಂತ ಹೆಚ್ಚು ಅತ್ತವರು ತಾವು. ಅಷ್ಟು ಅತ್ತ ಮೇಲೂ ಆ ಮಾತು ಹೇಗೆ ಆಡಿದಿರಿ?"

"ಅತ್ತಿದ್ದು ಕಣ್ಣು. ತೀರ್ಪು ಹೇಳಬೇಕಾದದ್ದು ಕೊಕ್ಕು. ಕೊಕ್ಕಿಗೆ ಒಂದು ಹೆಸರಿದೆಯಲ್ಲಯ್ಯಾ!"

"ಹಾಗಾದರೆ ಇನ್ನು ಆ ಕಣ್ಣಿಗೆ ಏನು ಕೊಡುತ್ತೀರಿ?" ಎಂದು ಕೇಳಿದ ಕೋತಿ, ಉತ್ತರಕ್ಕೂ ಕಾಯದೆ ಪರದೆ ಸುತ್ತಿ ಹೆಗಲಿಗೇರಿಸಿಕೊಂಡು ಹೊರಟುಹೋಯಿತು.

ಹಂಸ ಕೆರೆಗೆ ಮರಳಿದಾಗ ಪ್ರಾಣಿಗಳು ಹಾಲು ನೀರು ಬೆರೆಸಿದ ಬಟ್ಟಲು ಹಿಡಿದು ಕಾದಿದ್ದವು. ಎಲ್ಲರ ಕಣ್ಣೆದುರು ಅದು ಹಾಲನ್ನಷ್ಟೇ ಕುಡಿದು ನೀರನ್ನು ಹಾಗೇ ಬಿಟ್ಟಿತು. ಪ್ರಾಣಿಗಳು ಭೇಷ್ ಎಂದವು. ಹಂಸದ ಬಾಯಾರಿಕೆ ಮಾತ್ರ ತೀರಲಿಲ್ಲ.