ನೋವೆಂದವರಿಗೆ ಹತ್ತು ಬಿಲ್ಲು

ವಸುಂಧರೆ ಎಂಬ ಶಿಷ್ಯೆ ಗುರುಗಳನ್ನು ಕೇಳಿದಳು: "ಗುರುಗಳೇ, ನಾನು ಶಾಲೆಯಲ್ಲಿ ಮಕ್ಕಳಿಗೆ ಜಿಮ್ನಾಸ್ಟಿಕ್ಸ್ ಕಲಿಸುತ್ತೇನೆ. ಹನ್ನೆರಡು ವರ್ಷದ ಒಬ್ಬ ಹುಡುಗಿ ಮೂರು ವಾರದಿಂದ ಸೊಂಟ ನೋವು ಎನ್ನುತ್ತಿದ್ದಾಳೆ. ಭಾನುವಾರ ಸ್ಪರ್ಧೆಯಿದೆ. ಅದು ನಿಜವಾದ ನೋವೋ ಮೈಗಳ್ಳತನವೋ ತಿಳಿಯುವುದು ಹೇಗೆ?"

ಗುರುಗಳು ಹೇಳಿದರು:

ಒಂದು ಊರಿನ ಗರಡಿಯಲ್ಲಿ ಒಬ್ಬ ಉಸ್ತಾದನಿದ್ದ. ಮಕ್ಕಳಿಗೆ ಮಲ್ಲಕಂಬ ಕಲಿಸುತ್ತಿದ್ದ. ಶಿಸ್ತಿನ ಮನುಷ್ಯ. ಯಾರ ಮೇಲೂ ಕೈ ಎತ್ತಿದವನಲ್ಲ, ಕೆಟ್ಟ ಮಾತು ಆಡಿದವನಲ್ಲ. ದಿನವೂ ಮಕ್ಕಳಿಗಿಂತ ಮೊದಲು ಬಂದು ಕಂಬಕ್ಕೆ ತಾನೇ ಹರಳೆಣ್ಣೆ ಸವರುತ್ತಿದ್ದ.

ನಿಂತಲ್ಲಿಂದ ಹಿಂದಕ್ಕೆ ಬಾಗಿ ಅಂಗೈಗಳನ್ನು ನೆಲಕ್ಕೆ ಊರುವುದನ್ನು ಆ ಗರಡಿಯಲ್ಲಿ ಬಿಲ್ಲು ಎನ್ನುತ್ತಿದ್ದರು. ಉಸ್ತಾದನದು ಒಂದೇ ಕಟ್ಟಳೆ. ನೋವು ಎಂದವರು ಹತ್ತು ಬಿಲ್ಲು ಹೆಚ್ಚಾಗಿ ಹಾಕಬೇಕು. ನೋವು ಬಂದರೆ ಬೆನ್ನು ಸಡಿಲವಾಗುತ್ತಿದೆ ಎಂದೇ ಅರ್ಥ, ಆಗ ಇನ್ನಷ್ಟು ಬಾಗಿಸಬೇಕು ಎಂದು ಅವನ ಗುರು ಅವನಿಗೆ ಕಲಿಸಿದ್ದ. ಅವನ ಲೆಕ್ಕದಲ್ಲಿ ಅದು ಶಿಕ್ಷೆಯಲ್ಲ, ಔಷಧ.

ಅಲ್ಲಿ ಹನ್ನೊಂದು ವರ್ಷದ ಒಬ್ಬ ಹುಡುಗಿಯಿದ್ದಳು. ಎಲ್ಲರಿಗಿಂತ ಚೆನ್ನಾಗಿ ಬಾಗುತ್ತಿದ್ದಳು. ಒಂದು ದಿನ ಕಂಬದಿಂದ ಇಳಿದು ಬಂದು, "ಉಸ್ತಾದರೇ, ಸೊಂಟ ನೋಯುತ್ತದೆ" ಎಂದಳು.

"ಸೊಂಟವೇ? ನಿನಗೆಲ್ಲಿಯದು ಸೊಂಟ? ನಿಮ್ಮಜ್ಜಿಯದನ್ನು ಕಟ್ಟಿಕೊಂಡು ಬಂದೆಯೇನು?"

ಮಕ್ಕಳು ನಕ್ಕರು. "ಅಜ್ಜೀ, ಕೋಲು ತರಲೇ?" ಎಂದು ಒಬ್ಬಳು ಕೂಗಿದಳು. ಹುಡುಗಿಯೂ ನಕ್ಕಳು. ಹತ್ತು ಬಿಲ್ಲು ಹಾಕಿದಳು.

ಮರುವಾರ ಮತ್ತೆ ಹೇಳಿದಳು. ಮತ್ತೆ ಹತ್ತು ಹಾಕಿದಳು. ಮೂರನೆಯ ಸಲವೂ ಹಾಗೆಯೇ ಆಯಿತು. ಅನಂತರ ಅವಳು ಹೇಳಲಿಲ್ಲ. ಉಸ್ತಾದ ಅವಳ ತಾಯಿಯನ್ನು ಕಂಡಾಗ, "ನಿಮ್ಮ ಮಗಳ ಬೆನ್ನು ಪಳಗಿತಮ್ಮ, ಈಗ ನೋವೂ ಇಲ್ಲ, ಏನೂ ಇಲ್ಲ" ಎಂದ.

ಪ್ರದರ್ಶನದ ದಿನ ಬಂತು. ಹುಡುಗಿ ಕಂಬದ ಮೇಲೆ ಆಡಿ ಇಳಿದಳು. ಕೊನೆಗೆ ನೆಲದ ಮೇಲೆ ಒಂದು ಬಿಲ್ಲು ಹಾಕಿದಳು. ಜನ ಚಪ್ಪಾಳೆ ತಟ್ಟಿದರು. ಅವಳು ಏಳಲಿಲ್ಲ. ಅಷ್ಟು ಹೊತ್ತು ನಿಂತ ಬಿಲ್ಲನ್ನು ಅವರಲ್ಲಿ ಯಾರೂ ಕಂಡಿರಲಿಲ್ಲ. ಚಪ್ಪಾಳೆ ಇನ್ನೂ ಜೋರಾಯಿತು. ಉಸ್ತಾದನೂ ತಟ್ಟಿದ. ತಾಯಿ ಮಾತ್ರ ಜನರನ್ನು ತಳ್ಳಿಕೊಂಡು ಓಡಿಬಂದಳು. ಮಗಳ ತೊಡೆಗಳು ನಡುಗುತ್ತಿದ್ದವು. ಕಚ್ಚಿಕೊಂಡ ತುಟಿಯಿಂದ ರಕ್ತ ಬಂದಿತ್ತು.

ವೈದ್ಯ ಎಲುಬಿನ ಚಿತ್ರ ತೆಗೆಸಿ ನೋಡಿದ. "ಇದು ಇಂದಿನ ಪೆಟ್ಟಲ್ಲ" ಎಂದ. "ಬೆನ್ನುಮೂಳೆಯ ಕೆಳಗಿನ ಮಣಿ ಎರಡೂ ಕಡೆ ಬಿರುಕು ಬಿಟ್ಟಿದೆ. ಒಂದು ಬಿರುಕು ಕೆಲವು ತಿಂಗಳು ಹಳೆಯದು. ಮೊದಲ ಸಲ ಹೇಳಿದಾಗಲೇ ಬಿಡುವು ಕೊಟ್ಟಿದ್ದರೆ ಬಹುಶಃ ಕೂಡಿಕೊಳ್ಳುತ್ತಿತ್ತು. ಇವಳು ಹೇಳಲಿಲ್ಲವೇ?"



ಮರುದಿನ ಬೆಳಗ್ಗೆ ಉಸ್ತಾದನೇ ವೈದ್ಯನನ್ನು ಗರಡಿಗೆ ಕರೆದುಕೊಂಡು ಹೋದ. ಉಳಿದ ಹನ್ನೆರಡು ಮಕ್ಕಳನ್ನು ಸಾಲಾಗಿ ನಿಲ್ಲಿಸಿದ. "ಯಾರಿಗೆ ಸೊಂಟ ನೋವಿದೆ?" ಎಂದು ಕೇಳಿದ. ಒಂದು ಕೈಯೂ ಮೇಲೇಳಲಿಲ್ಲ. ಅವನ ಉಸಿರು ಹಗುರವಾಯಿತು.

ವೈದ್ಯ ಒಬ್ಬೊಬ್ಬರ ಸೊಂಟವನ್ನು ಹೆಬ್ಬೆರಳಿನಿಂದ ಒತ್ತುತ್ತ ಬಂದ. ನಾಲ್ವರ ಕಣ್ಣಲ್ಲಿ ಥಟ್ಟನೆ ನೀರು ಬಂತು. "ನೋಯುತ್ತದೆಯೇ?" ಎಂದರೆ ನಾಲ್ವರೂ "ಇಲ್ಲ" ಎಂದರು.

ನಾಲ್ವರಲ್ಲಿ ಕಿರಿಯದು ಏಳು ವರ್ಷದ ಮಗು. ಉಸ್ತಾದ ತನ್ನ ಕಣ್ಣನ್ನೇ ನೋಡುತ್ತಿರುವುದು ಅದಕ್ಕೆ ಕಂಡಿತು. ಸಿಕ್ಕಿಬಿದ್ದೆ ಎಂದುಕೊಂಡಿತು. ಯಾರೂ ಹೇಳದೆಯೇ ಸಾಲು ಬಿಟ್ಟು ಮುಂದೆ ಬಂದು, ಎರಡೂ ಕೈ ಎತ್ತಿ, ಹಿಂದಕ್ಕೆ ಬಾಗಿ ನೆಲ ಮುಟ್ಟಿತು. "ಒಂದು" ಎಂದಿತು.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ವಸುಂಧರೆಯ ಮುಖ ಬಿಳಿಚಿಕೊಂಡಿತ್ತು. "ಆಗ ಉಸ್ತಾದ ಏನು ಮಾಡಿದ, ಗುರುಗಳೇ?" ಎಂದಳು.

"ಉಸ್ತಾದನ ಮಾತು ಬಿಡು ತಾಯಿ, ನಿನ್ನ ಹುಡುಗಿ ನಿನಗೆ ಇನ್ನೂ ಹೇಳುತ್ತಿದ್ದಾಳೆ."